ಸಕ್ಕರೆಯ ಸೀಮೆಯಲ್ಲಿ ರಕ್ತದ ಲೆಕ್ಕ

ಕೃಷ್ಣೆ, ದೂಧಗಂಗೆ, ವೇದಗಂಗೆಗಳ ನೀರುಂಡ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯಲ್ಲಿ ಸಕ್ಕರೆಯ ಲೆಕ್ಕ ತಿಳಿಯದ ಒಕ್ಕಲು ಮನೆತನ ಅಪರೂಪ. ೧೯೩೯ರಲ್ಲಿ ಉಗಾರದ ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಮುಂದೆ ಸಹಕಾರಿ ಕಾರಖಾನೆಗಳೂ ಎದ್ದುವು. ಕಾಟಾದಲ್ಲಿ ತೂಕ ಸರಿಯಾಯಿತೆ, ನೂರು ಕಿಲೋ ಕಬ್ಬಿಗೆ ಎಷ್ಟು ಕಿಲೋ ಸಕ್ಕರೆ ಇಳಿಯಿತು, ಆ ಇಳುವರಿಯ ಮೇಲೆ ದರ ಎಷ್ಟು ಬರಬೇಕು ಎಂದು ಇಲ್ಲಿಯ ರೈತ ಕಾರಖಾನೆಯ ಕಾಗದವನ್ನೇ ಮುಂದಿಟ್ಟುಕೊಂಡು ವಾದಿಸಬಲ್ಲ. ಆದರೆ ಅದೇ ಮನೆಯ ಅಜ್ಜನ ಇಲ್ಲವೆ ಆಯಿಯ ರಕ್ತ ತಪಾಸಣೆಯ ಕಾಗದ ದವಾಖಾನೆಯಿಂದ ಬಂದಾಗ ಮನೆಮಂದಿಯೆಲ್ಲ ಸುಮ್ಮನಾಗುತ್ತಾರೆ. ಯಾವ ಅಂಕಿಯ ಮುಂದೆ ಚಿಕ್ಕೆ ಇದೆಯೋ ಅದನ್ನು ಕಂಡು ಹೆದರುವುದು, ಚಿಕ್ಕೆ ಇಲ್ಲದಿದ್ದರೆ ಕಾಗದವನ್ನು ಮಡಿಚಿ ಗೂಡಿನಲ್ಲಿಡುವುದು. ಇಷ್ಟೇ ನಮ್ಮ ಓದು.

ಇದು ಕಬ್ಬಿನ ಮೇಲೆ ಹೊರಿಸುವ ಅಪವಾದವಲ್ಲ. ಕಬ್ಬು ಬೆಳೆಯದ ನಾಡಿನಲ್ಲಿಯೂ ಮಧುಮೇಹ ಹಬ್ಬಿದೆ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ಸಮೀಕ್ಷೆಯು ದೇಶದ ವಯಸ್ಕರಲ್ಲಿ ನೂರಕ್ಕೆ ೧೧.೪ ಮಂದಿಗೆ ಈ ಬೇನೆ ಇದೆಯೆಂದು ಲೆಕ್ಕ ಹಾಕಿತು. ಹಾಗಾದರೆ ಆ ಕಾಗದವನ್ನು ಓದುವುದು ವೈದ್ಯರ ಕೆಲಸ ಮಾತ್ರವಾಗಿ ಉಳಿಯುವಂತಿಲ್ಲ. ಅದರ ಒಂದೊಂದು ಸಾಲಿನ ಹಿಂದೆಯೂ ಒಂದೊಂದು ಚರಿತ್ರೆ ಇದೆ. ಆ ಚರಿತ್ರೆಯನ್ನು ತಿಳಿದರೆ ಸಾಲಿನ ಅರ್ಥ ತಾನಾಗಿಯೇ ತಿಳಿಯಾಗುತ್ತದೆ.

ಈ ಬೇನೆಯನ್ನು ನಮ್ಮ ಹಿರಿಯರು ಬಹು ಹಿಂದೆಯೇ ಬಲ್ಲರು. ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಚರಕ ಸಂಹಿತೆ ಹೇಳಿದೆ. ಸುಶ್ರುತ ಸಂಹಿತೆಯು ಪ್ರಮೇಹದಲ್ಲಿ ಎರಡು ಬಗೆಯನ್ನು ಬೇರ್ಪಡಿಸಿತು: ಹುಟ್ಟಿನಿಂದ ಬಂದ ಸಹಜ, ಪಥ್ಯ ತಪ್ಪಿದ್ದರಿಂದ ಬಂದ ಅಪಥ್ಯನಿಮಿತ್ತಜ. ಆದರೆ ಅವರ ಕಣ್ಣಿಗೆ ಬಿದ್ದುದು ಮೂತ್ರ, ರಕ್ತವಲ್ಲ. ರಕ್ತದಲ್ಲಿಯೇ ಸಿಹಿ ಇದೆಯೆಂಬುದನ್ನು ೧೭೭೬ರಲ್ಲಿ ಪ್ರಕಟಪಡಿಸಿದವನು ಇಂಗ್ಲೆಂಡಿನ ಲಿವರ್‌ಪೂಲಿನ ವೈದ್ಯ ಮ್ಯಾಥ್ಯೂ ಡಾಬ್ಸನ್. ಅವನು ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿದಾಗ ತಳದಲ್ಲಿ ಸಕ್ಕರೆಯಂಥ ಬಿಳಿಯ ಪದಾರ್ಥ ಉಳಿಯಿತು. ರಕ್ತದ ತಿಳಿಯನ್ನು ನಾಲಗೆಗೆ ಹಚ್ಚಿ ನೋಡಿದಾಗ ಅದೂ ಸಿಹಿ. ನಮ್ಮ ಗಾಣದಲ್ಲಿ ಕಬ್ಬಿನ ಹಾಲು ಕಾಯಿಸುವವರಿಗೆ ಈ ಪ್ರಯೋಗ ಹೊಸದಾಗಿ ತೋರಲಾರದು. ಆದರೆ ವೈದ್ಯಶಾಸ್ತ್ರಕ್ಕೆ ಅದೊಂದು ದೊಡ್ಡ ತಿರುವು. ಬೇನೆ ಮೂತ್ರದ್ದಲ್ಲ, ಇಡೀ ಮೈಯದು ಎಂಬುದು ಅಂದು ತಿಳಿಯಿತು.

ಈಗ ಕಾಗದದ ಮೊದಲನೆಯ ಸಾಲಿಗೆ ಬರೋಣ: ಬರಿಹೊಟ್ಟೆಯ ಸಕ್ಕರೆ. ಇದು ಅನೇಕ ಮನೆಗಳಲ್ಲಿ ಜಗಳಕ್ಕೆ ಮೂಲ. "ರಾತ್ರಿ ಒಂದೇ ರೊಟ್ಟಿ ಉಂಡಿದ್ದಾರೆ, ಮುಂಜಾನೆ ಏನೂ ಮುಟ್ಟಿಲ್ಲ, ಆದರೂ ೧೭೦ ಹೇಗೆ ಬಂತು? ಕದ್ದು ಬೆಲ್ಲ ತಿಂದಿರಬೇಕು" ಎಂದು ಮುದುಕರ ಮೇಲೆ ಅನುಮಾನ. ಈ ಅನುಮಾನಕ್ಕೆ ಉತ್ತರವನ್ನು ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಕೊಟ್ಟಿದ್ದಾನೆ. ಮಾಂಸವನ್ನು ಮಾತ್ರ ತಿಂದ ಪ್ರಾಣಿಯ ರಕ್ತದಲ್ಲಿಯೂ ಅವನಿಗೆ ಸಕ್ಕರೆ ಕಂಡಿತು. ಯಕೃತ್ತು ತಾನೇ ಸಕ್ಕರೆಯನ್ನು ಮಾಡಿ ರಕ್ತಕ್ಕೆ ಬಿಡುತ್ತದೆಂದು ಅವನು ತೋರಿಸಿದ. ಅದು ಕೂಡಿಡುವ ಗ್ಲೈಕೊಜೆನ್ ಎಂಬ ಪದಾರ್ಥವನ್ನು ೧೮೫೭ರಲ್ಲಿ ಬೇರ್ಪಡಿಸಿದ. ನಾವು ಮಲಗಿದ್ದಾಗ ಮೆದುಳು ಹಸಿದು ಬೀಳದಿರಲೆಂದು ಯಕೃತ್ತು ರಾತ್ರಿಯಿಡೀ ತನ್ನ ಉಗ್ರಾಣದಿಂದ ಸಕ್ಕರೆಯನ್ನು ಅಳೆದು ಕೊಡುತ್ತದೆ. ಆ ಅಳತೆಗೆ ಲಗಾಮು ಹಾಕುವುದು ಇನ್ಸುಲಿನ್. ಮಧುಮೇಹದಲ್ಲಿ ಲಗಾಮು ಸಡಿಲ. ಆದಕಾರಣ ಉಣ್ಣದೆ ಮಲಗಿದರೂ ಬೆಳಗಿನ ಸಕ್ಕರೆ ಏರಿರಬಹುದು. ಆ ಅಂಕಿ ಕಳ್ಳತನದ ಸಾಕ್ಷಿಯಲ್ಲವೆಂದು ಮನಗಂಡರೆ ಎಷ್ಟೋ ಮನೆಗಳಲ್ಲಿ ಅಜ್ಜ ಅಜ್ಜಿಯರ ಮಾನ ಉಳಿದೀತು.

ಬರ್ನಾರ್ಡನ ತರುವಾಯವೂ ಬಹುಕಾಲ ವೈದ್ಯರ ಆಧಾರ ಮೂತ್ರವೇ ಆಗಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟಾನ್ಲಿ ಬೆನಡಿಕ್ಟ್ ಒಂದು ನೀಲಿ ದ್ರಾವಣವನ್ನು ಸಿದ್ಧಪಡಿಸಿದ. ಮೂತ್ರದ ಕೆಲವು ಹನಿಗಳನ್ನು ಹಾಕಿ ಕುದಿಸಿದರೆ ಅದು ಹಸಿರು, ಹಳದಿ, ಕೊನೆಗೆ ಇಟ್ಟಂಗಿಯ ಕೆಂಪಿಗೆ ತಿರುಗುತ್ತದೆ. ಆದರೆ ಇದರಲ್ಲೊಂದು ಕೊರತೆ. ರಕ್ತದ ಸಕ್ಕರೆ ಸುಮಾರು ೧೮೦ ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಸಾಮಾನ್ಯವಾಗಿ ಹೊರಗೆ ಬಿಡುವುದಿಲ್ಲ. ವಯಸ್ಸಾದಂತೆ ಈ ಕಟ್ಟೆ ಮತ್ತಷ್ಟು ಎತ್ತರವಾಗುವುದುಂಟು. ಮುದುಕರ ಮೂತ್ರದಲ್ಲಿ ಸಕ್ಕರೆ ಕಾಣಲಿಲ್ಲವೆಂದು ನೆಮ್ಮದಿಯಿಂದ ಇರುವುದು ಈ ಕಾರಣದಿಂದ ಸಲ್ಲದು. ಇತ್ತ ಈಚಿನ ಕೆಲವು ಮಾತ್ರೆಗಳ ಕೆಲಸವೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುವುದು. ಅವನ್ನು ನುಂಗುವವರಿಗೆ ಮೂತ್ರದಲ್ಲಿ ಸಕ್ಕರೆ ಕಂಡೇ ಕಾಣುತ್ತದೆ, ಗಾಬರಿ ಬೇಡ.

ಸ್ವಲ್ಪವೇ ರಕ್ತದಲ್ಲಿ ಸಕ್ಕರೆಯನ್ನು ಅಳೆಯುವ ರೀತಿಯನ್ನು ೧೯೧೯-೨೦ರಲ್ಲಿ ಓಟೊ ಫೋಲಿನ್ ಮತ್ತು ಚೀನದ ಹ್ಸಿಯೆನ್ ವೂ ಎಂಬ ವಿಜ್ಞಾನಿಗಳು ರೂಢಿಗೆ ತಂದರು. ೧೯೨೧ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇನ್ಸುಲಿನ್ ದೊರೆತು, ೧೯೨೨ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬನಿಗೆ ಮೊದಲು ಕೊಟ್ಟಾಗ, ಅದು ಎಷ್ಟು ಕೆಲಸ ಮಾಡಿತೆಂದು ತಿಳಿಯಲು ಇಂಥ ಅಳತೆ ಬೇಕೇ ಬೇಕಾಯಿತು. ಫೋಲಿನ್-ವೂ ರೀತಿಯು ಸಕ್ಕರೆಯೊಡನೆ ರಕ್ತದ ಬೇರೆ ಕೆಲವು ಪದಾರ್ಥಗಳನ್ನೂ ಸೇರಿಸಿ ಎಣಿಸುತ್ತಿತ್ತು. ಅಂತೆಯೇ ಅಂಕಿ ಕೊಂಚ ಹೆಚ್ಚು ಬರುತ್ತಿತ್ತು. ಅಂದಿನ ಪುಸ್ತಕಗಳಲ್ಲಿ "೮೦ರಿಂದ ೧೨೦ ಸರಿ" ಎಂದಿರುವುದು ಇದರಿಂದ. ಇಂದಿಗೂ ಹಿರಿಯರು "೧೨೦ರ ಒಳಗೆ ಇದ್ದರೆ ಏನೂ ಇಲ್ಲ" ಎನ್ನುವುದನ್ನು ಕೇಳುತ್ತೇವೆ. ಈಗಿನ ಅಳತೆ ಸಕ್ಕರೆಯೊಂದನ್ನೇ ಹಿಡಿಯುತ್ತದೆ. ಬೇನೆ ಇಲ್ಲದವರಿಗೆ ಬರಿಹೊಟ್ಟೆಯಲ್ಲಿ ೭೦ರಿಂದ ೧೦೦ರ ಒಳಗೆ ಇರತಕ್ಕದ್ದು. ಬೇನೆ ಎಂದು ಹೆಸರಿಡುವ ಗಡಿ ಕೂಡ ನಿಂತಲ್ಲಿ ನಿಂತಿಲ್ಲ. ಮೊದಲು ೧೪೦ ಇದ್ದುದನ್ನು ೧೯೯೭ರಲ್ಲಿ ಅಮೆರಿಕದ ಮಧುಮೇಹ ಸಂಘ ೧೨೬ಕ್ಕೆ ಇಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು. ಕಣ್ಣಿನ ಪರದೆ ಕೆಡುವುದು ಹಳೆಯ ಗಡಿಗಿಂತ ಕೆಳಗೇ ಮೊದಲಾಗುತ್ತದೆಂದು ಕಂಡುದೇ ಇದಕ್ಕೆ ಮುಖ್ಯ ಕಾರಣ. ೧೯೯೭ಕ್ಕಿಂತ ಹಿಂದಿನ ಕಾಗದದ ಮೇಲೆ "ಸರಿ" ಎಂದಿದ್ದುದು ಇಂದು ಸರಿಯಲ್ಲದಿರಬಹುದು.

ಈ ಸೀಮೆಯಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಹಿಂದೆ ದೊಡ್ಡ ದವಾಖಾನೆ ಎಂದರೆ ಮೀರಜ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಡಾ. ವಿಲಿಯಂ ವಾನ್ಲೆಸ್ ಅಲ್ಲಿ ಕಟ್ಟಿದ ಮಿಶನ್ ಆಸ್ಪತ್ರೆಯ ಹೆಸರು ದೂರದೂರಕ್ಕೆ ಹಬ್ಬಿತ್ತು. ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ನಿಲ್ದಾಣಗಳಿಂದ ರೈಲು ಹತ್ತಿದರೆ ಮೀರಜ ದೂರವಲ್ಲ. ೧೯೬೩ರಲ್ಲಿ ಬೆಳಗಾವಿಯಲ್ಲಿ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯ ಆರಂಭವಾಯಿತು. ಈಗ ತಾಲೂಕಿನ ಊರುಗಳಲ್ಲಿಯೇ ಪ್ರಯೋಗಶಾಲೆಗಳಿವೆ. ಹಳ್ಳಿಯಲ್ಲಿ ರಕ್ತ ತೆಗೆದು ಪೇಟೆಗೆ ಕಳಿಸುವುದೂ ಉಂಟು. ರಕ್ತವನ್ನು ಬರಿಯ ನಳಿಗೆಯಲ್ಲಿ ಹಾಗೆಯೇ ಇಟ್ಟರೆ ಅದರೊಳಗಿನ ಜೀವಕಣಗಳು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ತಾಸಿಗೆ ನೂರಕ್ಕೆ ಐದರಿಂದ ಏಳರಷ್ಟು ಕಡಿಮೆಯಾಗುತ್ತ ಹೋಗುತ್ತದೆ. ಬೇಸಗೆಯ ಬಿಸಿಲಿನಲ್ಲಿ ಇನ್ನೂ ಬೇಗ. ಇದನ್ನು ತಡೆಯಲೆಂದೇ ಫ್ಲೋರೈಡ್ ಹಾಕಿದ, ಬೂದುಬಣ್ಣದ ಮುಚ್ಚಳದ ನಳಿಗೆ ಇರುವುದು. "ಸಕ್ಕರೆಗೆ ಬೇರೆ ನಳಿಗೆಯಲ್ಲಿ ತೆಗೆದಿರಾ?" ಎಂದು ಕೇಳಲು ನೀವು ಸಂಕೋಚಪಡಬೇಕಾಗಿಲ್ಲ. ಮನೆಯ ಚಿಕ್ಕ ಯಂತ್ರದ ಅಂಕಿಗೂ ಪ್ರಯೋಗಶಾಲೆಯ ಅಂಕಿಗೂ ತುಸು ವ್ಯತ್ಯಾಸ ಬಂದರೆ ಯಾರೋ ಮೋಸ ಮಾಡಿದರೆಂದು ತಿಳಿಯಬೇಡಿ. ಅಂತರರಾಷ್ಟ್ರೀಯ ನಿಯಮವೇ ಆ ಯಂತ್ರಗಳಿಗೆ ನೂರಕ್ಕೆ ಹದಿನೈದರಷ್ಟು ಹೆಚ್ಚುಕಡಿಮೆಯನ್ನು ಒಪ್ಪಿದೆ.

ಕಾಗದದ ಎರಡನೆಯ ಮುಖ್ಯ ಸಾಲು ಎಚ್‌ಬಿಎ೧ಸಿ. ೧೯೬೮ರಲ್ಲಿ ಇರಾನಿನ ಟೆಹರಾನಿನಲ್ಲಿ ಸ್ಯಾಮ್ಯುಯೆಲ್ ರಹಬರ್ ಎಂಬ ವಿಜ್ಞಾನಿ ರೋಗಿಗಳ ಹಿಮೋಗ್ಲೋಬಿನ್ನನ್ನು ಪರೀಕ್ಷಿಸುತ್ತಿದ್ದಾಗ, ಮಧುಮೇಹಿಗಳ ರಕ್ತದಲ್ಲಿ ಒಂದು ವಿಶೇಷ ಅಂಶ ಹೆಚ್ಚಾಗಿರುವುದನ್ನು ಕಂಡ. ರಕ್ತದ ಕೆಂಪುಬಣ್ಣಕ್ಕೆ ಸಕ್ಕರೆ ಅಂಟಿಕೊಂಡುದೇ ಆ ಅಂಶವೆಂದು ಮುಂದೆ ತಿಳಿಯಿತು. ಕೆಂಪುಕಣದ ಆಯುಷ್ಯ ಸುಮಾರು ೧೨೦ ದಿನ. ಕಡಾಯಿಯಲ್ಲಿ ಬೆಲ್ಲ ಎಷ್ಟು ಹೊತ್ತು ಕುದಿಯಿತೆಂಬುದನ್ನು ಅದರ ಬಣ್ಣ ಹೇಳುವಂತೆ, ಕಳೆದ ಎರಡು ಮೂರು ತಿಂಗಳಲ್ಲಿ ರಕ್ತ ಎಷ್ಟು ಸಿಹಿಯಾಗಿತ್ತೆಂಬುದನ್ನು ಈ ಅಂಕಿ ಹೇಳುತ್ತದೆ. ತಪಾಸಣೆಗೆ ನಾಲ್ಕು ದಿನ ಮುಂಚೆ ಪಥ್ಯ ಹಿಡಿದರೆ ಬರಿಹೊಟ್ಟೆಯ ಸಕ್ಕರೆ ಇಳಿದೀತು. ಇದು ಅಷ್ಟಕ್ಕೆ ಬಗ್ಗದು. ೭ ಎಂದರೆ ಸರಾಸರಿ ಸಕ್ಕರೆ ೧೫೪, ೮ ಎಂದರೆ ೧೮೩, ೯ ಎಂದರೆ ೨೧೨ ಎಂದು ಹೊಂದಿಸಿ ಹೇಳಬಹುದು. ೬.೫ ಮುಟ್ಟಿದರೆ ಮಧುಮೇಹವೆಂದು ಹೇಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೧ರಲ್ಲಿ ಒಪ್ಪಿತು.

ಆದರೆ ಈ ಅಂಕಿಯೂ ಸುಳ್ಳು ಹೇಳುವುದುಂಟು. ಕಬ್ಬಿಣದ ಅಂಶ ಕಡಿಮೆಯಾಗಿ ರಕ್ತ ಸೊರಗಿದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ರಕ್ತ ಹೋಗಿದ್ದರೆ, ಹೊಸ ರಕ್ತ ಏರಿಸಿದ್ದರೆ, ಮೂತ್ರಪಿಂಡ ಬಹಳ ಕೆಟ್ಟಿದ್ದರೆ ಕಡಿಮೆ ತೋರಿಸಬಹುದು. ಆದಕಾರಣ ಇದನ್ನು ಹಿಮೋಗ್ಲೋಬಿನ್ನಿನ ಸಾಲಿನೊಡನೆ ಕೂಡಿಯೇ ಓದತಕ್ಕದ್ದು. ಗಂಡಸರಿಗೆ ೧೩, ಹೆಂಗಸರಿಗೆ ೧೨ ಗ್ರಾಮಿಗಿಂತ ಕಡಿಮೆ ಇದ್ದರೆ ರಕ್ತಹೀನತೆ. "ವಯಸ್ಸಾಯಿತು, ರಕ್ತ ಕಡಿಮೆಯೇ ಇರುತ್ತದೆ" ಎಂದು ಬಿಡುವ ಸಂಗತಿಯಲ್ಲ ಅದು. ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಮೂತ್ರಪಿಂಡ ಸೋತಿರಬಹುದು.

ಇನ್ನು ಎಲ್ಲಕ್ಕೂ ಮಿಗಿಲಾದ ಮಾತು. ಸಕ್ಕರೆಯನ್ನು ಎಷ್ಟು ಇಳಿಸಿದರೆ ಅಷ್ಟು ಒಳ್ಳೆಯದೆ? ೧೯೯೮ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವು ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಕಣ್ಣು, ಮೂತ್ರಪಿಂಡಗಳಿಗೆ ಆಗುವ ಹಾನಿ ತಗ್ಗುತ್ತದೆಂದು ತೋರಿಸಿತು. ಅದು ಹೊಸದಾಗಿ ಬೇನೆ ಕಾಣಿಸಿಕೊಂಡವರ ಮಾತು. ೨೦೦೮ರಲ್ಲಿ ಅಮೆರಿಕ, ಕೆನಡಾಗಳ ಅಕಾರ್ಡ್ ಅಧ್ಯಯನದಲ್ಲಿ, ಬಹುಕಾಲದ ಬೇನೆ ಇದ್ದು ಹೃದಯದ ಅಪಾಯವೂ ಇದ್ದವರ ಎಚ್‌ಬಿಎ೧ಸಿಯನ್ನು ೬ರ ಕೆಳಗೆ ತರಲು ಬಲವಂತ ಮಾಡಿದಾಗ ಸಾವು ಹೆಚ್ಚಾಯಿತು. ಆ ಪ್ರಯತ್ನವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಅಂದಿನಿಂದ ಮುಪ್ಪಿನವರಿಗೆ ಬೇರೆಯೇ ಗುರಿ. ಗಟ್ಟಿಮುಟ್ಟಾಗಿ ಹೊಲಕ್ಕೆ ಹೋಗಿಬರುವ ಹಿರಿಯರಿಗೆ ೭ ಇಲ್ಲವೆ ೭.೫ರ ಒಳಗೆ ಸಾಕು. ಹೃದಯ, ಮೂತ್ರಪಿಂಡ, ನೆನಪಿನ ತೊಂದರೆಗಳು ಕೂಡಿದ್ದರೆ ೮ರ ಒಳಗೆ ಇದ್ದರೂ ಆಯಿತು. ಹಾಸಿಗೆ ಹಿಡಿದವರಲ್ಲಿ ಅಂಕಿಗಿಂತ, ಸಕ್ಕರೆ ತೀರ ಇಳಿಯದಂತೆಯೂ ತೀರ ಏರದಂತೆಯೂ ನೋಡಿಕೊಳ್ಳುವುದೇ ಮುಖ್ಯ.

ಇದಕ್ಕೆ ಕಾರಣವನ್ನು ಮನೆಯವರು ಚೆನ್ನಾಗಿ ತಿಳಿದಿರಬೇಕು. ಸಕ್ಕರೆ ೭೦ಕ್ಕಿಂತ ಕೆಳಗೆ ಇಳಿದರೆ ಅಪಾಯ. ೫೪ಕ್ಕಿಂತ ಕೆಳಗೆ ದೊಡ್ಡ ಅಪಾಯ. ಹರೆಯದವರಿಗೆ ಬೆವರು, ನಡುಕ ಬರುತ್ತವೆ. ಮುದುಕರಲ್ಲಿ ಅವು ಕಾಣದೆ, ತಡಬಡಿಸುವ ಮಾತು, ಗೊಂದಲ, ಸಿಟ್ಟು, ಜೋಲಿ ತಪ್ಪಿ ಬೀಳುವುದು ಮಾತ್ರ ಕಾಣಬಹುದು. "ಮುತ್ಯಾಗ ಅರಳುಮರಳು" ಎಂದು ನಕ್ಕು ಸುಮ್ಮನಾದ ಹೊತ್ತಿನಲ್ಲಿಯೇ ಮೆದುಳು ಹಸಿದು ಕಂಗೆಡುತ್ತಿರುತ್ತದೆ. ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, ಕಾಲು ತಾಸಿನ ಮೇಲೆ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ದವಾಖಾನೆಗೆ ಒಯ್ಯಿರಿ. ಏಕಾದಶಿ, ಶಿವರಾತ್ರಿ, ರಮಜಾನ್, ಪರ್ಯುಷಣದ ಉಪವಾಸ ಮಾಡುವ ಹಿರಿಯರಿದ್ದರೆ, ಉಪವಾಸಕ್ಕೆ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ವಿಚಾರ ಮಾತಾಡಿರಿ. ತಪಾಸಣೆಗೆಂದು ಬರಿಹೊಟ್ಟೆಯಲ್ಲಿ ಹೋಗುವ ದಿನವೂ ಸಕ್ಕರೆಯ ಮಾತ್ರೆಯನ್ನು ಯಾವಾಗ ನುಂಗಬೇಕೆಂದು ಕೇಳಿಯೇ ಹೋಗಿರಿ.

ಮೂರನೆಯ ಮುಖ್ಯ ಸಾಲು ಕ್ರಿಯಾಟಿನಿನ್. ಇದು ಸ್ನಾಯುಗಳ ಸವೆತದಿಂದ ಬರುವ ಕಸ, ಹೊರಹಾಕುವುದು ಮೂತ್ರಪಿಂಡ. ೧೮೮೬ರಲ್ಲಿ ಜರ್ಮನಿಯ ಮ್ಯಾಕ್ಸ್ ಯಾಫೆ, ಪಿಕ್ರಿಕ್ ಆಮ್ಲದೊಡನೆ ಇದು ಕಿತ್ತಳೆಗೆಂಪು ಬಣ್ಣ ಕೊಡುವುದನ್ನು ಕಂಡುಹಿಡಿದ. ಇಂದಿಗೂ ಅನೇಕ ಪ್ರಯೋಗಶಾಲೆಗಳು ಅದೇ ರೀತಿಯಿಂದ ಅಳೆಯುತ್ತವೆ. ಆದರೆ ಈ ಅಂಕಿಯೊಂದನ್ನೇ ನೋಡಿದರೆ ಮೋಸಹೋಗುತ್ತೇವೆ. ಮೂವತ್ತು ವರ್ಷದ ಗಂಡಸಿಗೂ ಎಪ್ಪತ್ತೆಂಟು ವರ್ಷದ ಆಯಿಗೂ ಕ್ರಿಯಾಟಿನಿನ್ ೧.೨ ಇದೆಯೆನ್ನಿ. ಇಬ್ಬರ ಕಾಗದದ ಮೇಲೂ ಚಿಕ್ಕೆ ಇಲ್ಲದಿರಬಹುದು. ವಯಸ್ಸು, ಲಿಂಗಗಳನ್ನು ಸೇರಿಸಿ ಮೂತ್ರಪಿಂಡದ ಸೋಸುವ ಶಕ್ತಿಯನ್ನು ೨೦೨೧ರ ಸೂತ್ರದಿಂದ ಲೆಕ್ಕ ಹಾಕಿದರೆ ಆ ಗಂಡಸಿಗೆ ಸುಮಾರು ೮೩, ಆಯಿಗೆ ಸುಮಾರು ೪೬! ಮುಪ್ಪಿನಲ್ಲಿ ಸ್ನಾಯು ಕರಗಿ ಕಸವೇ ಕಡಿಮೆ ಹುಟ್ಟುವುದರಿಂದ ಮೂತ್ರಪಿಂಡದ ಸೋಲು ಮರೆಯಾಗಿರುತ್ತದೆ. ಕಾಗದದ ಮೇಲೆ ಇಜಿಎಫ್‌ಆರ್ ಎಂದು ಬರೆದಿರುವುದು ಈ ಸೋಸುವ ಶಕ್ತಿಯನ್ನೇ. ೬೦ಕ್ಕಿಂತ ಕಡಿಮೆ ಅಂಕಿ ಮೂರು ತಿಂಗಳ ಮೇಲೂ ಹಾಗೆಯೇ ನಿಂತರೆ ಮೂತ್ರಪಿಂಡದ ಬೇನೆ ಎಂದು ಲೆಕ್ಕ. ಇದರೊಡನೆ ಮೂತ್ರದ ಅಲ್ಬುಮಿನ್ನನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಒಂದು ಗ್ರಾಂ ಕ್ರಿಯಾಟಿನಿನ್ನಿಗೆ ೩೦ ಮಿಲಿಗ್ರಾಂ ದಾಟಿದರೆ ಅದು ಮೊದಲ ಎಚ್ಚರಿಕೆ.

ಈ ಸಾಲಿಗೂ ಮೇಲಿನ ಸಾಲುಗಳಿಗೂ ಸಂಬಂಧವಿದೆ. ಮೂತ್ರಪಿಂಡ ಸೋತಾಗ ಗ್ಲಿಬೆನ್‌ಕ್ಲಮೈಡಿನಂಥ ಮಾತ್ರೆಗಳೂ ಇನ್ಸುಲಿನ್ನೂ ಮೈಯಲ್ಲಿ ಹೆಚ್ಚು ಹೊತ್ತು ಉಳಿದು ಸಕ್ಕರೆಯನ್ನು ತೀರ ಇಳಿಸಿಬಿಡುತ್ತವೆ. ಯಾವ ಪಥ್ಯವನ್ನೂ ಮಾಡದೆ ಅಜ್ಜನ ಸಕ್ಕರೆ ತಾನಾಗಿ ಇಳಿಯತೊಡಗಿದರೆ, "ಬೇನೆ ವಾಸಿಯಾಯಿತು" ಎಂದು ಪೇಢೆ ಹಂಚಬೇಡಿ, ಕ್ರಿಯಾಟಿನಿನ್ ನೋಡಿಸಿರಿ. ೧೯೫೭ರಿಂದ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಒಳ್ಳೆಯ ಮಾತ್ರೆಯೇ ಸರಿ. ಆದರೆ ಸೋಸುವ ಶಕ್ತಿ ೪೫ರ ಕೆಳಗೆ ಬಂದರೆ ಅದರ ಪ್ರಮಾಣವನ್ನು ವೈದ್ಯರು ಮರುವಿಚಾರ ಮಾಡಬೇಕು, ೩೦ರ ಕೆಳಗೆ ಅದು ಸಲ್ಲದು. ಪಂಢರಪುರಕ್ಕೆ ಇಲ್ಲವೆ ಮುಂಬಯಿಯ ಮಗನ ಮನೆಗೆ ಹೋದಾಗ ಬೇರೆ ವೈದ್ಯರು ಹೊಸ ನೋವಿನ ಗುಳಿಗೆ ಬರೆದುಕೊಡುವ ಮೊದಲು ಈ ಅಂಕಿಯನ್ನು ಅವರಿಗೆ ತೋರಿಸಿರಿ. ಅನೇಕ ನೋವಿನ ಗುಳಿಗೆಗಳು ಸೋತ ಮೂತ್ರಪಿಂಡಕ್ಕೆ ಶತ್ರುಗಳು.

ಮೆಟ್‌ಫಾರ್ಮಿನ್ನಿಗೆ ಸೇರಿದ ಇನ್ನೊಂದು ಸಾಲು ಬಿ-೧೨ ಜೀವಸತ್ವ. ವರ್ಷಗಟ್ಟಲೆ ಈ ಮಾತ್ರೆ ನುಂಗಿದವರಲ್ಲಿ ಅದು ಕಡಿಮೆಯಾಗುವುದುಂಟು. ಅದು ದೊರೆಯುವುದು ಹಾಲು, ಮೊಸರು, ತತ್ತಿ, ಮೀನು, ಮಾಂಸಗಳಲ್ಲಿ. ಕಾಳುಕಡಿ, ಕಾಯಿಪಲ್ಲೆಗಳಲ್ಲಿ ಇಲ್ಲ. ಲಿಂಗಾಯತ, ಜೈನ ಮನೆತನಗಳು ಬಹಳವಿರುವ ಈ ಸೀಮೆಯಲ್ಲಿ ಜನ್ಮವಿಡೀ ಸಸ್ಯಾಹಾರಿಗಳಾದ ಹಿರಿಯರು ಅನೇಕರು. ಪಾದ ಉರಿಯುತ್ತದೆ, ಜುಮುಗುಡುತ್ತದೆ ಎಂದರೆ ಸಕ್ಕರೆಯಿಂದಲೇ ಎಂದು ಎಣಿಸದೆ ಇದನ್ನೊಮ್ಮೆ ಪರೀಕ್ಷಿಸುವುದು ಮೇಲು. ಕೊರತೆ ಇದ್ದರೆ ಚಿಕಿತ್ಸೆ ಸುಲಭ, ಅಗ್ಗ. ಬಿಟ್ಟರೆ ನರಗಳಿಗೆ ಆದ ಹಾನಿ ತಿರುಗಿ ಸರಿಹೋಗದಿರಬಹುದು. ಸ್ಪರ್ಶ ಹೋದ ಪಾದಕ್ಕೆ ಅಥಣಿಯ ಹೆಸರಾದ ಚಪ್ಪಲಿಯೂ ಕಚ್ಚಿ ಹುಣ್ಣಾದೀತು, ಉಟ್ಟವರಿಗೆ ತಿಳಿಯದು. ನಿಪ್ಪಾಣಿಯ ತಂಬಾಕು ಎಷ್ಟೇ ಹೆಸರಾಗಿರಲಿ, ಬೀಡಿಯ ಹೊಗೆ ಅದೇ ಕಾಲಿನ ರಕ್ತನಾಳಗಳನ್ನು ಇನ್ನಷ್ಟು ಇರುಕಿಸುತ್ತದೆ.

ಉಳಿದ ಸಾಲುಗಳಲ್ಲಿ ಪೊಟ್ಯಾಸಿಯಂ ಸುಮಾರು ೩.೫ರಿಂದ ೫ರ ನಡುವೆ ಇರಬೇಕು. ರಕ್ತದೊತ್ತಡದ ಕೆಲವು ಮಾತ್ರೆಗಳಿಂದ, ಸೋತ ಮೂತ್ರಪಿಂಡದಿಂದ ಅದು ಏರಿ ಹೃದಯದ ಬಡಿತವನ್ನು ಕೆಡಿಸಬಲ್ಲದು. ರಕ್ತ ತೆಗೆಯುವಾಗ ಕಣಗಳು ಒಡೆದರೂ ಸುಳ್ಳಾಗಿ ಏರಿದಂತೆ ಕಾಣುತ್ತದೆ. ಆಗ ವೈದ್ಯರು ತಡಮಾಡದೆ ಎರಡನೆಯ ಸಲ ತೆಗೆಸುತ್ತಾರೆ. ಕೊಲೆಸ್ಟರಾಲಿನಲ್ಲಿ ನೋಡಬೇಕಾದುದು ಎಲ್‌ಡಿಎಲ್ ಎಂಬ ಭಾಗ. ಮಧುಮೇಹಿಗಳಿಗೆ ಅದು ೭೦ರ ಕೆಳಗೆ, ಹೃದಯದ ಬೇನೆಯೂ ಇದ್ದವರಿಗೆ ೫೫ಕ್ಕಿಂತ ಕೆಳಗೆ ಇರುವುದು ಒಳ್ಳೆಯದು. ಕಾಗದದ ಬಲಬದಿಯಲ್ಲಿ ಅಚ್ಚಾಗಿರುವ ಅಂಕಿಗಳು ಆರೋಗ್ಯವಂತರವು. ನಿಮ್ಮ ಮನೆಯ ಹಿರಿಯರ ಗುರಿ ಅದೇ ಆಗಿರಬೇಕಾಗಿಲ್ಲ ಎಂಬುದನ್ನು ಇಲ್ಲಿಯೂ ನೆನಪಿಡಬೇಕು.

ಹೊಲದ ಉತಾರ, ಕಬ್ಬಿನ ಬಿಲ್ಲು, ಸೊಸಾಯಿಟಿಯ ಪಾವತಿಗಳನ್ನು ವರ್ಷಾನುಗಟ್ಟಲೆ ಜೋಪಾನ ಮಾಡುವ ಮನೆಗಳು ನಮ್ಮವು. ರಕ್ತ ತಪಾಸಣೆಯ ಕಾಗದಗಳನ್ನೂ ಹಾಗೆಯೇ ತಾರೀಖಿನಂತೆ ಒಂದು ಫೈಲಿನಲ್ಲಿ ಇಡಿರಿ. ಒಂದು ಕಾಗದ ಒಂದು ದಿನದ ಮಾತನ್ನು ಹೇಳುತ್ತದೆ. ಐದಾರು ಕಾಗದ ಕೂಡಿದರೆ ದಾರಿ ಯಾವ ಕಡೆಗೆ ಇಳಿಯುತ್ತಿದೆಯೆಂದು ತಿಳಿಯುತ್ತದೆ. ಕ್ರಿಯಾಟಿನಿನ್ ೦.೮ ಇದ್ದುದು ೧.೦ ಆಗಿ, ೧.೨ ಆದುದನ್ನು ಚಿಕ್ಕೆ ಹೇಳಲಾರದು, ಫೈಲು ಹೇಳುತ್ತದೆ. ಮುಂದಿನ ಸಲ ದವಾಖಾನೆಗೆ ಹೋಗುವಾಗ ಆ ಫೈಲನ್ನೂ, ನುಂಗುವ ಎಲ್ಲ ಮಾತ್ರೆಗಳ ಪಾಕೀಟುಗಳನ್ನೂ ಒಯ್ದು, ವೈದ್ಯರನ್ನು ಮೂರು ಮಾತು ಕೇಳಿರಿ: ಇವರ ವಯಸ್ಸಿಗೆ ಸಕ್ಕರೆ ಎಷ್ಟಿದ್ದರೆ ಸಾಕು? ಮೂತ್ರಪಿಂಡದ ಶಕ್ತಿ ಎಷ್ಟು ಉಳಿದಿದೆ? ಅದಕ್ಕೆ ತಕ್ಕಂತೆ ಯಾವ ಮಾತ್ರೆಯನ್ನು ಕಡಿಮೆ ಮಾಡಬೇಕು? ಮಾತ್ರೆಯನ್ನು ತಾವಾಗಿಯೇ ಬಿಡುವುದೂ ಬೇಡ, ಕೇಳದೆ ಹೆಚ್ಚಿಸುವುದೂ ಬೇಡ. ಕಾರಖಾನೆಯ ಕಾಟಾದ ಮುಂದೆ ನಿಂತು ಕಿಲೋ ಕಿಲೋ ಸಕ್ಕರೆಗೆ ಲೆಕ್ಕ ಕೇಳುವ ನಾವು, ಹಿರಿಯರ ರಕ್ತದೊಳಗಿನ ಮಿಲಿಗ್ರಾಂ ಸಕ್ಕರೆಗೂ ಅಷ್ಟೇ ಧೈರ್ಯದಿಂದ ಲೆಕ್ಕ ಕೇಳಬಹುದು.